ಅಮ್ಮನವರ ಪಾಲಿನ ಹೂವು

ಹಳೆಯ ಚೌಕಟ್ಟನ್ನು ಬಿಚ್ಚಿಹಾಕದೆ ಅದರೊಳಗೇ ಹೊಸದನ್ನು ಕೂರಿಸಿದ್ದು, ಆ ದಿನದ ಎಲ್ಲ ರಗಳೆಗೂ ಕಾರಣ ಇಷ್ಟೇ.

ಕೂರಿಸಿದವನನ್ನು ಪತ್ರಿಕಾ ಕಚೇರಿಯಲ್ಲಿ ಎಲ್ಲರೂ ಕೊನೆಪುಟ ಎಂದೇ ಕರೆಯುತ್ತಿದ್ದರು. ತೀರಿಕೊಂಡವರ ಫೋಟೋಗಳು ಬರುವುದು ಪತ್ರಿಕೆಯ ಕೊನೆಯ ಪುಟದಲ್ಲಿ, ಅವನ್ನು ಜೋಡಿಸುವುದು ಅವನ ಕೆಲಸ. ಪತ್ರಿಕೆ ಕಂಪ್ಯೂಟರಿಗೆ ಹತ್ತಿದ ಮೇಲೆ ಆ ಫೋಟೋಗಳು ವೆಬ್ ಪುಟಕ್ಕೂ ಹತ್ತಿದವು, ಅವುಗಳ ಹಿಂದೆಯೇ ಅವನೂ ಹತ್ತಿದ. ಓದುಗರು ಫೋಟೋದ ಮೇಲೆ ಮೌಸ್ ಒತ್ತಿದರೆ ಅದರ ಬುಡದಲ್ಲಿ ಒಂದು ಬಿಳಿ ಹೂ ಬಂದು ಕೂರುತ್ತದೆ, ಪಕ್ಕದ ಸಂಖ್ಯೆ ಒಂದು ಏರುತ್ತದೆ. ಮೊದಲ ಸಲ ಒತ್ತುವವರು ತಮ್ಮ ಹೆಸರು ಬರೆದರಾಯಿತು. ದಿನಕ್ಕೆ ಹತ್ತೋ ಹನ್ನೆರಡೋ ಜನ ಹೋದವರ ಜೊತೆ ಹೀಗೆ ಆರು ವರ್ಷ ಕಳೆದಿತ್ತು.

ಇದ್ದವರು ಮಾತ್ರ ಅವನಿಂದ ಒಂದು ಮಾರು ದೂರವೇ ನಿಲ್ಲುತ್ತಿದ್ದರು. ಅವನು ಯಾರಿಗಾದರೂ ಫೋನ್ ಮಾಡಿದರೆ ಆ ಕಡೆಯಿಂದ "ಹಲೋ" ಎಂದು ಬರುತ್ತಿರಲಿಲ್ಲ, "ಯಾರು ಹೋದ್ರು?" ಎಂದು ಬರುತ್ತಿತ್ತು. ಒಮ್ಮೆ ಚಿಕ್ಕಪ್ಪನ ಮಗ ಅವನ ಮನೆಯಲ್ಲಿ ಕೊಡೆ ಮರೆತು ಹೋಗಿದ್ದ. ಅದನ್ನು ಹೇಳಲು ಫೋನ್ ಮಾಡಿದರೆ, ಪುಣ್ಯಾತ್ಮ ಕೊಡೆಯ ಮಾತು ಬರುವ ಮೊದಲೇ ಅತ್ತುಬಿಟ್ಟಿದ್ದ. ಇದನ್ನೆಲ್ಲ ಕೊನೆಪುಟ ನುಂಗಿಕೊಂಡಿದ್ದ. ನುಂಗಲಾಗದ್ದು ಒಂದೇ. ಬೇರೆ ಊರಿನಲ್ಲಿದ್ದ ಒಬ್ಬಳೇ ಮಗಳು ಬಸುರಿ, ಈಗ ಎಂಟು ತಿಂಗಳು ತುಂಬಿತ್ತು. ಐದನೆಯ ತಿಂಗಳಿನಲ್ಲೇ ಬೀಗಿತ್ತಿ ಅವನ ಹೆಂಡತಿಗೆ ಫೋನ್ ಮಾಡಿದ್ದಳು.

"ತಪ್ಪು ತಿಳ್ಕೋಬೇಡಿ. ನಿಮ್ಮ ಯಜಮಾನ್ರು ಬೆಳಗಿಂದ ಸಂಜೆ ತನಕ ಸತ್ತೋರ ಮುಖ ನೋಡ್ಕೊಂಡು ಕೂತಿರ್ತಾರೆ. ಆ ಕೆಲಸದಲ್ಲಿರೋ ತನಕ ಅವರು ಹುಡುಗಿಗೆ ಫೋನ್ ಮಾಡೋದು ಬೇಡ. ಅವರ ನಂಬರ್ ಕಂಡ್ರೆ ಸಾಕು, ನನಗೇ ಕೈಕಾಲು ನಡುಗುತ್ತೆ. ಕೆಲಸ ಬದಲಾದ್ರೆ ದಿನಾ ಮಾಡ್ಲಿ, ಯಾರು ಬೇಡ ಅಂತಾರೆ."

ಮಗಳ ದನಿ ಕೇಳದೆ ಮೂರು ತಿಂಗಳಾಗಿತ್ತು. ಅವಳು ಏನು ತಿಂದಳು, ಕಾಲು ಊದಿದೆಯೋ ಇಲ್ಲವೋ ಎಲ್ಲವೂ ಹೆಂಡತಿಯ ಬಾಯಿಂದಲೇ ತಿಳಿಯಬೇಕು. ಅದಕ್ಕೇ ಕೊನೆಪುಟ ಶುಭಾಶಯ ವಿಭಾಗಕ್ಕೆ ವರ್ಗ ಕೇಳಿ ಅರ್ಜಿ ಕೊಟ್ಟಿದ್ದ. ಹುಟ್ಟಿದ ಮಕ್ಕಳು, ಹುಟ್ಟುಹಬ್ಬ, ಮದುವೆ, ಇಂಥವೇ ಬರುವ ವಿಭಾಗ ಅದು. ಅಲ್ಲಿದ್ದವರು ನಿವೃತ್ತರಾಗಿ ಕುರ್ಚಿ ಖಾಲಿ ಇತ್ತು. ಆರ್ಡರ್ ಟೈಪಾಗಿತ್ತು. ಗುರುವಾರ ಸಹಿ ಹಾಕುತ್ತೇನೆ ಎಂದು ಮಾಲೀಕರು ಹೇಳಿದ್ದರು. ಬುಧವಾರ ಸಂಜೆ ಮಾಲೀಕರ ತಾಯಿ ತೀರಿಕೊಂಡರು.

ಗುರುವಾರ ಬೆಳಿಗ್ಗೆ ಎಂಟಕ್ಕೇ ಮ್ಯಾನೇಜರ್ ಅವನ ಮೇಜಿನ ಮುಂದೆ ನಿಂತಿದ್ದ.

"ನೋಡ್ರಿ ಕೊನೆಪುಟ, ಅಮ್ಮನವರ ಪುಟ ಒಂಬತ್ತಕ್ಕೆ ರೆಡಿ ಇರ್ಬೇಕು. ಚೆನ್ನಾಗಿ ಬಂದ್ರೆ ಸಂಜೆ ಐದಕ್ಕೆ ನಾನೇ ನಿಂತು ನಿಮ್ಮ ಆರ್ಡರ್‌ಗೆ ಸಹಿ ಹಾಕಿಸ್ತೀನಿ. ಕೆಟ್ಟರೆ ನನ್ನ ಕೇಳ್ಬೇಡಿ."

"ಎಷ್ಟು ದೊಡ್ಡದು ಮಾಡ್ಲಿ ಸಾರ್?"

"ಹೋದ ವಾರ ಮಾಲೀಕರಿಗೆ ಅರವತ್ತು ತುಂಬಿದಾಗ ಒಂದು ಶುಭಾಶಯದ ಪುಟ ಇತ್ತಲ್ಲ, ಅಷ್ಟು ದೊಡ್ಡದು. ತಾಯಿಗೆ ಮಗನಿಗಿಂತ ಚಿಕ್ಕದು ಹಾಕಿದ್ರೆ ಚೆನ್ನಾಗಿರಲ್ಲ. ಇವತ್ತು ಹೋದ ಮಿಕ್ಕವರನ್ನೆಲ್ಲ ಅದೇ ಪುಟದಲ್ಲಿ ಅವರ ಕೆಳಗೆ ಕೂರಿಸಿ."

ಒಂದು ಗಂಟೆಯಲ್ಲಿ ಹೊಸ ಪುಟ ಕಟ್ಟುವುದು ಆಗದ ಮಾತು. ಕೊನೆಪುಟ ಮೂಲತಃ ಅಚ್ಚುಮೊಳೆ ಜೋಡಿಸುತ್ತಿದ್ದವನು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಸಾಲಿಗೆ ಕೂರಿಸಿ, ಸುತ್ತ ಚೌಕಟ್ಟು ಬಿಗಿದು ಬೆಳೆದ ಕೈ. ಒಮ್ಮೆ ಬಿಗಿದ ಚೌಕಟ್ಟನ್ನು ಬಿಚ್ಚುವುದು ಅವನ ಜಾಯಮಾನಕ್ಕೇ ಒಗ್ಗದು. ಒಳಗಿನದನ್ನು ಬದಲಿಸಿ, ಚೌಕಟ್ಟನ್ನು ಹಾಗೇ ಉಳಿಸಿಕೊಳ್ಳಬೇಕು. ಅದನ್ನೇ ಈಗಲೂ ಮಾಡಿದ. ಶುಭಾಶಯದ ಪುಟ ತೆಗೆದ, ಮಾಲೀಕರ ನಗುವ ಫೋಟೋ ಅಳಿಸಿದ, ಬಂಗಾರದ ಅಂಚಿಗೆ ಕಪ್ಪು ಬಳಿದ, ನಡುವೆ ಅಮ್ಮನವರನ್ನೂ ಅವರ ಕೆಳಗೆ ಇನ್ನೂ ಹನ್ನೊಂದು ಜನರನ್ನೂ ಕೂರಿಸಿದ. ನೋಡಲು ಗಂಭೀರವಾಗಿ, ಚೆನ್ನಾಗಿಯೇ ಇತ್ತು.

ಆದರೆ ಸೀಸದಲ್ಲಿ ಒಂದು ಅಕ್ಷರದ ಮೇಲೆ ಇನ್ನೊಂದು ಅಕ್ಷರ ಕೂರುವುದಿಲ್ಲ. ಕಂಪ್ಯೂಟರಿನ ಪುಟದಲ್ಲಿ ಒಂದರ ಮೇಲೊಂದು ಹೊದಿಕೆ ಹೊದ್ದ ಹಾಗೆ ಎಷ್ಟು ಬೇಕಾದರೂ ಕೂರುತ್ತವೆ. ಮೇಲಿನದನ್ನು ಒತ್ತಿದರೆ ಅದು ತನ್ನ ಕೆಲಸ ಮುಗಿಸಿ ಸುಮ್ಮನಿರದೆ, ತನ್ನನ್ನು ಹೊತ್ತ ಚೌಕಟ್ಟಿಗೂ "ನನ್ನನ್ನು ಒತ್ತಿದರು" ಎಂದು ಚಾಡಿ ಹೇಳುತ್ತದೆ. ಆ ಚೌಕಟ್ಟಿಗೆ ಹೋದ ವಾರ ಕಲಿಸಿದ್ದ ಪಾಠ ಒಂದೇ. ಯಾರು ಎಲ್ಲಿ ಒತ್ತಿದರೂ ಮಾಲೀಕರ ಫೋನಿಗೆ ಒತ್ತಿದವರ ಹೆಸರಿನಲ್ಲಿ ಒಂದು ಸಂದೇಶ ಕಳಿಸುವುದು. ಬಣ್ಣ ಬದಲಾದ ಮಾತ್ರಕ್ಕೆ ಚೌಕಟ್ಟು ಆ ಪಾಠ ಮರೆತಿರಲಿಲ್ಲ.

ಮಾಲೀಕರ ಮನೆ ಕಚೇರಿಯ ಮೇಲಿನ ಮಹಡಿಯಲ್ಲೇ ಇತ್ತು. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಮೇಲಿನಿಂದ ಟಿಂಗ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಂಗ್. ಸಾಂತ್ವನದ ಸಂದೇಶಗಳಿರಬೇಕು ಎಂದುಕೊಂಡ ಕೊನೆಪುಟ. ಅಷ್ಟರಲ್ಲಿ ಮ್ಯಾನೇಜರ್ ಮೆಟ್ಟಿಲುಗಳನ್ನು ಎರಡೆರಡು ಹಾರಿಕೊಂಡು ಕೆಳಗೆ ಬಂದ. ಮುಖ ಬೂದಿಯಾಗಿತ್ತು.

"ಏನ್ರೀ ಮಾಡಿದೀರ? ಮಾಲೀಕರ ಫೋನಿಗೆ ಏನು ಬರ್ತಿದೆ ಗೊತ್ತಾ? ಹೃತ್ಪೂರ್ವಕ ಶುಭಾಶಯಗಳು. ಇಂಥ ಸುದಿನ ನಿಮ್ಮ ಬಾಳಿನಲ್ಲಿ ಮತ್ತೆ ಮತ್ತೆ ಬರಲಿ. ಕೆಳಗೆ ಹೆಸರು ಬೇರೆ. ನನ್ನ ಹೆಸರೂ ಹೋಗಿದೆ. ನಾನು ಪಾಪ ಭಕ್ತಿಯಿಂದ ಒಂದು ಹೂ ಇಟ್ಟೆ."

"ಮಾಲೀಕರು ಏನಂದ್ರು?" ಎಂದ ಕೊನೆಪುಟ.

"ಏನೂ ಅನ್ನಲಿಲ್ಲ. ಓದಿದ್ರು, ನನ್ನ ಮುಖ ನೋಡಿದ್ರು. ಅದಕ್ಕಿಂತ ಬೈದಿದ್ರೆ ವಾಸಿಯಾಗಿತ್ತು."

ಪಕ್ಕದ ಮೇಜಿನಿಂದ ಪ್ರೂಫ್ ನೋಡುವವನು ಕುರ್ಚಿ ಎಳೆದುಕೊಂಡು ಬಂದ. ಇಪ್ಪತ್ತು ವರ್ಷದಿಂದ ಬೇರೆಯವರ ತಪ್ಪನ್ನೇ ಊಟ ಮಾಡಿ ಬೆಳೆದ ಆಸಾಮಿ, ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ನು. ಎಲ್ಲಿ ತಪ್ಪಿನ ವಾಸನೆ ಬಂದರೂ ಅಲ್ಲಿ ಅವನ ಮೂಗು ಇರುತ್ತಿತ್ತು.

"ಕಣ್ಣಾರೆ ನೋಡದೆ ತಪ್ಪು ಅನ್ನೋಕಾಗಲ್ಲ," ಎಂದು ಮೌಸಿಗೆ ಕೈ ಹಾಕಿ, ತನ್ನ ಖಾತೆ ತೆರೆದು ಅಮ್ಮನವರ ಫೋಟೋ ಒತ್ತಿದ. ಮೇಲೆ ಟಿಂಗ್ ಎಂದಿತು.

"ಮುಟ್ಟಬೇಡ ಮಾರಾಯ," ಎಂದ ಕೊನೆಪುಟ.

"ಇದು ಕಾಕತಾಳೀಯ ಇರ್ಬಹುದು. ಮೂರು ಸಲ ನೋಡದೆ ನಾನು ಯಾವುದಕ್ಕೂ ಸಹಿ ಹಾಕಿದವನಲ್ಲ." ಟಿಂಗ್, ಟಿಂಗ್. "ಹೂವಿನ ಮೇಲೆ ಒತ್ತಿದ್ರೆ ಹೇಗೆ?" ಟಿಂಗ್. "ಮೂಗಿನ ಮೇಲೆ?" ಟಿಂಗ್.

ಮ್ಯಾನೇಜರ್ ಅವನ ಕೈ ಹಿಡಿದು ಎಳೆದ. ಎಳೆಯುವ ಭರದಲ್ಲಿ ಬೆರಳು ಇನ್ನೂ ಐದಾರು ಸಲ ಒತ್ತಿತು. ಜಾಹೀರಾತು ವಿಭಾಗದ ಮೇಡಂ ಸದ್ದು ಕೇಳಿ ಎದ್ದು ಬಂದರು. ಏನಾಯಿತೆಂದು ಅವರಿಗೆ ವಿವರಿಸುವುದಕ್ಕಾಗಿ ಪ್ರೂಫಿನವನು ಮೊದಲಿನಿಂದ ಇನ್ನೊಂದು ಸುತ್ತು ತೋರಿಸಿದ. ಒಟ್ಟು ಹದಿನೇಳಾಯಿತು. ಮೇಲಿನ ಮನೆಯಲ್ಲಿ ಅಳುತ್ತಿದ್ದವರು ಅಳುವುದನ್ನು ನಿಲ್ಲಿಸಿ ಸುಮ್ಮನಾಗಿದ್ದು ಕೆಳಗಿನವರಿಗೂ ಗೊತ್ತಾಯಿತು.

"ಫೋನ್ ಆಫ್ ಮಾಡಿಸಿಬಿಡಿ ಸಾರ್," ಎಂದರು ಮೇಡಂ.

"ಹೇಗೆ ಮಾಡಿಸ್ಲಿ? ಪರಊರಿಂದ ಬರೋ ನೆಂಟರೆಲ್ಲ ಆ ನಂಬರಿಗೇ ದಾರಿ ಕೇಳ್ತಿದಾರೆ."

"ಹಾಗಾದ್ರೆ ಆ ಚೌಕಟ್ಟೇ ತೆಗೀರಿ ಕೊನೆಪುಟ ಸಾರ್."

"ತೆಗೆದ್ರೆ ಒಳಗಿರೋರೆಲ್ಲ ಚೆಲ್ಲಾಪಿಲ್ಲಿ ಆಗ್ತಾರೆ ಮೇಡಂ."

ಮ್ಯಾನೇಜರ್ ಎರಡೂ ಕೈ ಅಡ್ಡ ಮಾಡಿದ. "ಅಮ್ಮನವರ ಫೋಟೋ ಒಂದು ನಿಮಿಷ ಮಾಯ ಆದ್ರೂ ನಾನು ಊರು ಬಿಡ್ಬೇಕು. ಮೇಲೆ ನೆಂಟರೆಲ್ಲ ದೊಡ್ಡ ಪರದೆ ಮೇಲೆ ಅದನ್ನೇ ಹಾಕ್ಕೊಂಡು ಕೂತಿದಾರೆ."

ಶುಭಾಶಯ ಕಳಿಸುವ ಆ ಪಾಠ ಎಲ್ಲಿ ಬರೆದಿದೆ ಎಂಬುದು ಅದನ್ನು ಬರೆದು ಕೆಲಸ ಬಿಟ್ಟುಹೋದವನೊಬ್ಬನಿಗೇ ಗೊತ್ತಿತ್ತು. ಕೊನೆಪುಟ ಬೆವರೊರೆಸಿಕೊಂಡು ಕೂತು, ಒತ್ತಿದ ಸುದ್ದಿ ಫೋಟೋದಿಂದ ಆಚೆ ಹೋಗದ ಹಾಗೆ ಒಂದು ಸಾಲು ಬರೆದ. ಇಲ್ಲೇ ನಿಲ್ಲು, ಮುಂದೆ ಹೇಳಬೇಡ ಎಂಬರ್ಥದ ಸಾಲು. ಫೋಟೋ ಒತ್ತಿ ನೋಡಿದ. ಮೇಲೆ ಸದ್ದಿಲ್ಲ. ಅವನಿಗೆ ಹೋದ ಜೀವ ಬಂತು.

"ಫೋಟೋ ಸರಿ," ಎಂದ ಪ್ರೂಫಿನವನು, "ಫೋಟೋ ಪಕ್ಕದ ಖಾಲಿ ಜಾಗ?" ಎಂದು ಅಲ್ಲಿ ಒತ್ತಿಯೇಬಿಟ್ಟ. ಟಿಂಗ್. ಹದಿನೆಂಟನೆಯದು ಅವನ ಅದೃಷ್ಟಕ್ಕೆ ಕೊನೆಪುಟನ ಹೆಸರಿನಲ್ಲಿ ಹೋಯಿತು, ಏಕೆಂದರೆ ಆ ಸಾಲು ಬರೆಯಲು ಆಗ ತೆರೆದಿದ್ದು ಕೊನೆಪುಟನ ಖಾತೆ.

"ಇನ್ನೊಂದು ಶುಭಾಶಯ ಮೇಲೆ ಹೋದ್ರೆ," ಎಂದ ಮ್ಯಾನೇಜರ್ ಮೆಲ್ಲಗೆ, "ಆರ್ಡರ್ ಮರೆತುಬಿಡಿ."

ಮೆಲ್ಲಗೆ ಹೇಳಿದ್ದೇ ಹೆಚ್ಚು ನಾಟಿತು. ಕೊನೆಪುಟನಿಗೆ ಕಣ್ಣಮುಂದೆ ಮಗಳ ಊದಿದ ಕಾಲು ಕಾಣಿಸಿತು. ಅರ್ಧಂಬರ್ಧ ಕೆಲಸ ಮಾಡಿದರೆ ಇವರು ಎಲ್ಲಿಯಾದರೂ ಒಂದು ಸಂದು ಹುಡುಕಿ ಒತ್ತುತ್ತಾರೆ ಎನಿಸಿ, ಇಡೀ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಗಾಜಿನಂಥ ಒಂದು ಹಾಳೆ ಹೊದಿಸಿಬಿಟ್ಟ. ಕಣ್ಣಿಗೆ ಕಾಣದ ಹಾಳೆ. ಯಾರು ಎಲ್ಲಿ ಒತ್ತಿದರೂ ಹಾಳೆ ಹಿಡಿದುಕೊಳ್ಳುತ್ತದೆ, ಕೆಳಗೆ ಬಿಡುವುದಿಲ್ಲ. ಹಿಡಿದದ್ದನ್ನು ಒಯ್ದು ಅಮ್ಮನವರ ಮುಂದೆ ಒಂದು ಹೂವಾಗಿ ಇಡುತ್ತದೆ. ಹನ್ನೊಂದು ಗಂಟೆಗೆ ಮೇಲಿನ ಮನೆ ಪೂರ್ತಿ ತಣ್ಣಗಾಯಿತು. ಪ್ರೂಫಿನವನು ತನ್ನ ಖಾತೆಯಿಂದ ಮೂಲೆಮೂಲೆ ಒತ್ತಲು ಸಿದ್ಧನಾಗಿದ್ದ, ಮೇಡಂ ಅವನನ್ನು ಚಹಾಕ್ಕೆ ಕರೆದುಕೊಂಡು ಹೋದರು.

ಮಧ್ಯಾಹ್ನದ ಹೊತ್ತಿಗೆ ಅಮ್ಮನವರ ಹೂವು ಎಂಟುನೂರು ದಾಟಿತು. ಎರಡು ಗಂಟೆಗೆ ಎರಡು ಸಾವಿರ. ಕೊನೆಪುಟನಿಗೆ ಒಳಗೊಳಗೇ ಆಶ್ಚರ್ಯ. ಅಮ್ಮನವರು ಇದ್ದಾಗ ಮಹಡಿಯ ಕಟಾಂಜನಕ್ಕೆ ಒರಗಿ ನಿಂತು ಕಚೇರಿಗೆ ಬರುವವರನ್ನೆಲ್ಲ ಹೆಸರು ಹಿಡಿದು ಬೈಯುತ್ತಿದ್ದರು. ತಡವಾಗಿ ಬಂದವರಿಗೆ ಸೋಮಾರಿ ಎಂದು, ಬೇಗ ಬಂದವರಿಗೆ ಮನೆಯಲ್ಲಿ ಗತಿಯಿಲ್ಲದವರು ಎಂದು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಅವರ ಜೊತೆ ಮಾತು ಬಿಡದ ಮನೆ ಇರಲಿಲ್ಲ. ಹೋದ ಮೇಲೆ ಜನ ಎಲ್ಲ ಮರೆಯುತ್ತಾರೆ, ಜನ ಒಳ್ಳೆಯವರು ಎಂದುಕೊಂಡ.

ಮ್ಯಾನೇಜರ್ ಈ ಸಲ ಮೆಟ್ಟಿಲನ್ನು ಒಂದೊಂದಾಗಿ, ನಿಧಾನವಾಗಿ ಇಳಿದು ಬಂದ.

"ನೀವು ಕೊನೆಗೂ ಬದುಕಿದ್ರಿ ಕಣ್ರಿ. ಮಾಲೀಕರು ಫೋನ್ ಕೈಯಲ್ಲಿ ಹಿಡ್ಕೊಂಡು ಆ ಸಂಖ್ಯೆಯನ್ನೇ ನೋಡ್ತಾ ಕೂತಿದಾರೆ. ಬಂದ ನೆಂಟರಿಗೆಲ್ಲ ತೋರಿಸ್ತಿದಾರೆ. ಬೆಳಗಿನದು ಯಾರಿಗೂ ನೆನಪಿಲ್ಲ." ಜೇಬಿನಿಂದ ಮಡಿಸಿದ ಹಾಳೆ ತೆಗೆದು ತೋರಿಸಿ ಮತ್ತೆ ಒಳಗಿಟ್ಟ. "ಆರ್ಡರ್ ಇಲ್ಲೇ ಇದೆ. ಐದಕ್ಕೆ ಸಹಿ."

ಕೊನೆಪುಟ ಮರೆಗೆ ಹೋಗಿ ಹೆಂಡತಿಗೆ ಫೋನ್ ಮಾಡಿದ. ಆರು ವರ್ಷದಲ್ಲಿ ಮೊದಲ ಸಲ ಅವನ ಫೋನಿನಿಂದ ಒಳ್ಳೆಯ ಸುದ್ದಿ ಹೋಗುತ್ತಿತ್ತು.

"ಇವಳೇ, ಸಂಜೆ ಐದಕ್ಕೆ ಸಹಿ ಆಗುತ್ತೆ. ಆದ್ಮೇಲೆ ನಾನೇ ಅವಳಿಗೆ ಫೋನ್ ಮಾಡ್ತೀನಿ. ಅಲ್ಲೀ ತನಕ ಬಾಯಿ ಬಿಡಬೇಡ."

"ಸರಿ ರೀ," ಎಂದಳು ಹೆಂಡತಿ. ಐದು ನಿಮಿಷಕ್ಕೆ ಅವಳೇ ತಿರುಗಿ ಫೋನ್ ಮಾಡಿದಳು. "ರೀ, ತಡೆಯೋಕಾಗ್ಲಿಲ್ಲ, ಹೇಳ್ಬಿಟ್ಟೆ. ಅತ್ತಳು ರೀ, ಖುಷಿಗೆ. ಐದು ಗಂಟೆಗೆ ಫೋನ್ ಕೈಯಲ್ಲೇ ಹಿಡ್ಕೊಂಡು ಕೂತಿರ್ತಾಳಂತೆ. ಅವಳ ಅತ್ತೆನೂ ಸರಿ ಅಂದ್ರಂತೆ."

ಆ ಖುಷಿ ಎರಡೂವರೆಯ ತನಕ ಇತ್ತು. ಎರಡೂವರೆಗೆ ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ಆ ಕಡೆ ಒಬ್ಬ ಹೆಂಗಸು.

"ಸಾವಿನ ಪುಟ ನೋಡ್ಕೊಳ್ಳೋರು ನೀವೇನಾ? ನಮ್ಮೆಜಮಾನ್ರ ಫೋಟೋ ಬಂದಿದೆ. ಬಸ್ ಡ್ರೈವರ್, ಕೆಳಗಿನ ಸಾಲಿನಲ್ಲಿ ಮೂರನೇದು."

"ಹೌದಮ್ಮ. ಹೇಳಿ."

"ಬೆಳಗ್ಗೆ ನಾಲ್ಕು ಹೂ ಇತ್ತು. ಆಮೇಲೆ ಒಂದೂ ಬಂದಿಲ್ಲ. ಇಪ್ಪತ್ತಾರು ವರ್ಷ ಒಂದೇ ದಾರೀಲಿ ಬಸ್ ಓಡಿಸಿದ್ರು. ಬಸ್ ಹತ್ತಿದೋರಲ್ಲಿ ಒಬ್ಬರಿಗೂ ನೆನಪಿಲ್ವಾ ಅನ್ನಿಸ್ತು. ಹೋಗ್ಲಿ, ನಾನೇ ಒಂದು ಇಡೋಣ ಅಂತ ಒತ್ತಿದೆ. ಅದು ಹೋಗಿ ಮೇಲಿರೋ ಆ ಅಜ್ಜಿಗೆ ಬಿತ್ತು. ಮತ್ತೆ ಒತ್ತಿದೆ, ಮತ್ತೆ ಅಜ್ಜಿಗೇ. ನನ್ನ ಕೈ ತಪ್ಪಾ ಸಾರ್?"

ಕೊನೆಪುಟನಿಗೆ ಥಟ್ಟನೆ ಎಲ್ಲ ಅರ್ಥವಾಯಿತು. ಹಾಳೆಯನ್ನು ಮೂಲೆಯಿಂದ ಮೂಲೆಗೆ ಹೊದಿಸಿದ್ದ. ಹನ್ನೊಂದು ಜನರೂ ಅದರ ಅಡಿಯಲ್ಲಿದ್ದರು. ಯಾರು ಯಾರಿಗೆ ಇಟ್ಟರೂ ಹೂವನ್ನೆಲ್ಲ ಹಾಳೆ ಬಾಚಿ ಅಮ್ಮನವರ ಮುಂದೆ ಸುರಿಯುತ್ತಿತ್ತು. ಬದುಕಿದ್ದಾಗ ಬೀದಿಯವರ ನಲ್ಲಿಯ ಸರದಿಯನ್ನು ಕಿತ್ತುಕೊಳ್ಳುತ್ತಿದ್ದ ಅಮ್ಮನವರು ಸತ್ತ ಮೇಲೆ ನೆರೆಯವರ ಹೂವನ್ನೂ ಬಿಟ್ಟಿರಲಿಲ್ಲ.

"ನಿಮ್ಮ ಕೈ ತಪ್ಪಲ್ಲಮ್ಮ," ಎಂದ. "ನನ್ನದು. ನೋಡ್ತೀನಿ."

ಮ್ಯಾನೇಜರಿಗೆ ಹೇಳಿದ. ಮ್ಯಾನೇಜರ್ ಬಾಗಿಲು ಮುಚ್ಚಿ ಬಂದ.

"ಅಂದ್ರೆ ಅದು ಅಮ್ಮನವರ ಹೂವೇ ಅಲ್ವಾ?"

"ಅಲ್ಲ ಸಾರ್."

"ಯಾರಿಗೆ ಗೊತ್ತಿದೆ?"

"ನಮಗಿಬ್ಬರಿಗೆ."

"ಹಾಗಾದ್ರೆ ಐದೂಕಾಲಿನ ತನಕ ಮುಟ್ಟಬೇಡಿ. ಸಹಿ ಆಗ್ಲಿ. ಆಮೇಲೆ ಯಾರ ಹೂ ಯಾರಿಗೆ ಬೇಕಾದ್ರೂ ಕೊಡಿ. ಈಗ ಸಂಖ್ಯೆ ಇಳಿದ್ರೆ ಮಾಲೀಕರ ಮುಖ ನೋಡೋರು ಯಾರು?"

ಅವರಿಬ್ಬರಿಗೆ ಮಾತ್ರ ಗೊತ್ತಿದ್ದದ್ದು ಕಾಲು ಗಂಟೆಯಲ್ಲಿ ಕಚೇರಿಗೆಲ್ಲ ಗೊತ್ತಾಯಿತು. ಪ್ರೂಫಿನವನು ಬಂದು ಹೆಗಲ ಮೇಲೆ ಕೈಯಿಟ್ಟು, "ಎರಡು ಗಂಟೆ ಸುಮ್ನೆ ಕೂರೋ. ಹೋದೋರಿಗೆ ಇವತ್ತು ಬಂದ್ರೇನು, ನಾಳೆ ಬಂದ್ರೇನು. ಅವರಿಗೇನು ಬಸ್ಸು ತಪ್ಪುತ್ತಾ?" ಎಂದ. ಮೇಡಂ ಮಾತ್ರ ಏನೂ ಹೇಳಲಿಲ್ಲ. ಅವರ ಸೋದರತ್ತೆ ಕೆಳಗಿನ ಸಾಲಿನಲ್ಲಿ ಏಳನೆಯವರು.

ಕೊನೆಪುಟ ಕುರ್ಚಿಗೆ ಅಂಟಿಕೊಂಡು ಕೂತ. ಪ್ರೂಫಿನವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದ, ಸಿಗಲಿಲ್ಲ. ಮೂರು ಗಂಟೆಗೆ ಅಮ್ಮನವರ ಹೂವು ಮೂರು ಸಾವಿರ. ಮೂರೂವರೆಗೆ ಮೂರೂವರೆ ಸಾವಿರ. ಪ್ರತಿಯೊಂದು ಒತ್ತು ಪರದೆಯ ಮೇಲೆ ಎಲ್ಲಿ ಬಿತ್ತು ಎಂಬುದನ್ನು ಯಂತ್ರ ಬರೆದಿಡುತ್ತಿತ್ತು. ಅದನ್ನು ತೆರೆದು ನೋಡಿದ. ಅಮ್ಮನವರ ಮುಖದ ಸುತ್ತಮುತ್ತ ಬೆರಳೆಣಿಕೆಯಷ್ಟು. ಉಳಿದವೆಲ್ಲ ಕೆಳಗೆ, ಅದರಲ್ಲೂ ಮೂರನೆಯ ಚೌಕದ ಮೇಲೆ ಇರುವೆ ಮುತ್ತಿದ ಹಾಗೆ. ಒಂದೇ ದಾರಿಯಲ್ಲಿ ಇಪ್ಪತ್ತಾರು ವರ್ಷ ಹತ್ತಿ ಇಳಿದವರೆಲ್ಲ ಬಂದು ಹೂ ಇಟ್ಟು ಹೋಗಿದ್ದರು. ಅದನ್ನು ನೋಡಬೇಕಾದವಳು ಯಾರಿಗೂ ನೆನಪಿಲ್ಲ ಎಂದುಕೊಂಡು ಮನೆಯಲ್ಲಿ ಕೂತಿದ್ದಳು.

ಹತ್ತು ನಿಮಿಷ ಬಿಟ್ಟು ಮತ್ತೆ ಅವಳದೇ ಫೋನ್.

"ಸಾರ್, ಸಂಜೆ ಅವರ ತಮ್ಮ ಬರ್ತಾನೆ. ಅಷ್ಟರೊಳಗೆ ಒಂದಾದ್ರೂ ಕಾಣೋ ಹಾಗೆ ಮಾಡ್ಕೊಡ್ತೀರಾ? ನಾಲ್ಕೇ ಅಂದ್ರೆ ಅವನು ಆಡ್ಕೋತಾನೆ. ಅವರಿಬ್ಬರಿಗೂ ಮೊದಲಿಂದ ಆಗ್ತಿರ್ಲಿಲ್ಲ."

ಕೊನೆಪುಟ ಫೋನ್ ಇಟ್ಟು ತಲೆಯ ಮೇಲೆ ಕೈ ಹೊತ್ತು ಕೂತ. ಐದು ಗಂಟೆಗೆ ಇನ್ನು ಒಂದೂಕಾಲು ಗಂಟೆ. ಅತ್ತ ಮಗಳು ಫೋನ್ ಹಿಡಿದು ಕೂರುತ್ತಾಳೆ. ಸುಮ್ಮನಿರುವುದಕ್ಕಿಂತ ಸುಲಭದ ಕೆಲಸ ಪ್ರಪಂಚದಲ್ಲಿ ಇನ್ನೊಂದಿರಲಿಲ್ಲ. ಅವನ ಕೈಲಿ ಅಷ್ಟೂ ಆಗಲಿಲ್ಲ. ತನ್ನ ಮೇಲೆ ತನಗೇ ಸಿಟ್ಟು ಬರುತ್ತಿರುವಾಗಲೇ ಗಾಜಿನ ಹಾಳೆಯನ್ನು ಕತ್ತರಿಸಿದ. ಒಂದರ ಬದಲು ಹನ್ನೆರಡು ತುಂಡು, ಒಬ್ಬೊಬ್ಬರಿಗೆ ಒಂದೊಂದು, ತಮ್ಮ ಮೇಲೆ ಬಿದ್ದದ್ದನ್ನು ತಮಗೇ ಇಟ್ಟುಕೊಳ್ಳುವ ಹಾಗೆ. ಸಂದುಗಳಿಗೆ ಸಣ್ಣ ಪಟ್ಟಿಗಳು, ಅವು ಏನೂ ಮಾಡದೆ ಸುಮ್ಮನೆ ತಡೆಯುವಂಥವು. ಆಮೇಲೆ ಯಂತ್ರ ಬರೆದಿಟ್ಟಿದ್ದ ಪಟ್ಟಿಯ ಪ್ರಕಾರ ಬಿದ್ದ ಹೂಗಳನ್ನೆಲ್ಲ ಬಿದ್ದ ಜಾಗಕ್ಕೆ ಹಿಂದಿರುಗಿಸಿದ.

ಬಸ್ ಡ್ರೈವರಿಗೆ ಎರಡು ಸಾವಿರದ ನೂರ ಆರು. ಮೇಡಂ ಅವರ ಸೋದರತ್ತೆಗೆ ಇನ್ನೂರ ಹತ್ತು. ಅಮ್ಮನವರಿಗೆ ಮೂವತ್ತೊಂದು.

ಮೇಲಿನ ಮನೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ನಂತರ ಮ್ಯಾನೇಜರ್ ಇಳಿದು ಬಂದ. ಬೈಯುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ.

"ಕರೀತಿದಾರೆ. ನಿಮ್ಮೊಬ್ಬರನ್ನೇ." ಜೇಬಿನ ಹಾಳೆಯನ್ನು ಕೊನೆಪುಟನ ಕೈಗೇ ಕೊಟ್ಟ. "ಇದನ್ನೂ ತರೋಕೆ ಹೇಳಿದ್ರು. ನನಗೆ ಅಲ್ಲಿ ನಿಲ್ಲೋ ಧೈರ್ಯ ಇಲ್ಲಪ್ಪ."

ಮೇಲೆ ಹಜಾರದಲ್ಲಿ ಖಾಲಿ ಕುರ್ಚಿಗಳು ಸಾಲಾಗಿದ್ದವು. ನೆಂಟರು ಒಳಕೋಣೆಯಲ್ಲಿ ಮಾತಾಡುತ್ತಿದ್ದರು. ದೊಡ್ಡ ಪರದೆಯ ಮೇಲೆ ಅಮ್ಮನವರು, ಅವರ ಪಕ್ಕದಲ್ಲಿ ಮೂವತ್ತೊಂದು. ಮಾಲೀಕರು ಕಿಟಕಿಯ ಹತ್ತಿರ ಕೂತಿದ್ದರು. ಕ್ಷೌರ ಮಾಡದ ಗಡ್ಡ, ಕೆಂಪಾದ ಕಣ್ಣು. ಕೊನೆಪುಟ ಚಪ್ಪಲಿ ಬಿಟ್ಟು ಒಳಗೆ ಬಂದು ಕೈಕಟ್ಟಿ ನಿಂತ.

"ಕೂತ್ಕೊಳ್ಳಿ," ಎಂದರು ಮಾಲೀಕರು.

"ಪರವಾಗಿಲ್ಲ ಸಾರ್."

"ಕೂತ್ಕೊಳ್ಳಿ ಅಂದೆ." ಅವನು ಕೂತ. "ಬೆಳಿಗ್ಗೆ ಬಂದ ಶುಭಾಶಯಗಳನ್ನ ಓದಿದೆ. ಏನೋ ಎಡವಟ್ಟು ಅಂತ ಗೊತ್ತಾಯ್ತು, ಬಿಡಿ. ಆಮೇಲೆ ಹೂವಿನ ಲೆಕ್ಕ ಏರೋಕೆ ಶುರುವಾಯ್ತು. ಸಾವಿರ, ಎರಡು ಸಾವಿರ. ನೆಂಟರಿಗೆಲ್ಲ ತೋರಿಸ್ದೆ. ಆದ್ರೆ ಒಳಗೆ ಕೊರೀತಾನೇ ಇತ್ತು. ನಮ್ಮಮ್ಮನ ನಾನು ಬಲ್ಲೆ. ಎರಡು ಸಾವಿರ ಜನ ಹೂ ಇಡೋ ಹೆಂಗಸಲ್ಲ ಅವಳು. ಇನ್ನೂರು ಜನ ಇಟ್ಟಿದ್ರೂ ನಂಬ್ತಿರ್ಲಿಲ್ಲ. ಯಾರೋ ನನ್ನ ಮೆಚ್ಚಿಸೋಕೆ ಅಮ್ಮನ ಹೆಸರಲ್ಲಿ ಸುಳ್ಳು ಹೇಳ್ತಿದಾರೆ ಅನ್ನಿಸ್ತು. ಕೂತು ಕೂತು ಸಿಟ್ಟು ನೆತ್ತಿಗೇರಿತ್ತು. ಐದು ಗಂಟೆಗೆ ಎಲ್ಲರನ್ನೂ ಕೆಲಸದಿಂದ ತೆಗೆದು ಮನೆಗೆ ಕಳಿಸಿಬಿಡೋಣ ಅಂತಿದ್ದೆ."

ಕೊನೆಪುಟ ಕುರ್ಚಿಯ ಅಂಚಿಗೆ ಸರಿದ.

"ಆಮೇಲೆ ಒಂದೇ ಸಲಕ್ಕೆ ಮೂವತ್ತೊಂದಾಯ್ತು. ನಿಮ್ಮ ಕೆಲಸ ತಾನೇ?"

"ಹೌದು ಸಾರ್. ತಪ್ಪು ನಂದೇ, ಹಾಳೆ ದೊಡ್ಡದಾಗಿತ್ತು. ಬೇರೆಯವರ ಹೂವೆಲ್ಲ..."

"ಇವತ್ತು ನಿಮ್ಮ ಆರ್ಡರ್‌ಗೆ ನಾನು ಸಹಿ ಹಾಕ್ಬೇಕು ಅನ್ನೋದು ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು ಸಾರ್."

"ಗೊತ್ತಿದ್ದೂ ಇಳಿಸಿದ್ರಿ."

ಮಾಲೀಕರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಈ ಕಟ್ಟಡದಲ್ಲಿ ನನ್ನ ಮುಖ ನೋಡಿ ಸುಳ್ಳು ಹೇಳದೇ ಇರೋ ಒಬ್ಬ ಮನುಷ್ಯ ಇದಾನೆ ಅಂತ ಅರವತ್ತು ತುಂಬಿದ ಮೇಲೆ ಗೊತ್ತಾಯ್ತು ನೋಡಿ. ನಮ್ಮಮ್ಮನಿಗೆ ಸಲ್ಲಬೇಕಾದ್ದನ್ನ ಸಲ್ಲಿಸಿದ್ರಿ, ಒಂದು ಹೂ ಹೆಚ್ಚಿಲ್ಲ. ಮೂವತ್ತೊಂದು. ಇದು ನಿಜವಾದ್ದು. ಇದನ್ನ ನೋಡಿದ್ಮೇಲೆ ನನಗೆ ಅಳು ಬಂತು, ಬೆಳಗಿಂದ ಬಂದಿರ್ಲಿಲ್ಲ."

ಗಡಿಯಾರ ಐದಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಕೊನೆಪುಟ ಜೇಬಿನಲ್ಲಿ ಮಡಿಸಿಟ್ಟಿದ್ದ ಹಾಳೆಯನ್ನು ತೆಗೆದು ಬಿಡಿಸಿ ಎರಡೂ ಕೈಯಲ್ಲಿ ಮುಂದಿಟ್ಟ. ಜೊತೆಗೆ ಪೆನ್ನನ್ನೂ ಇಟ್ಟ.

ಮಾಲೀಕರು ಹಾಳೆ ತೆಗೆದುಕೊಂಡು ಪೂರ್ತಿ ಓದಿದರು. ಓದಿ, ನಡುವೆ ಹರಿದು, ಇನ್ನೊಮ್ಮೆ ಹರಿದು, ತುಂಡುಗಳನ್ನು ಮೇಜಿನ ಮೇಲೆ ಅಂದವಾಗಿ ಜೋಡಿಸಿದರು.

"ನಿಮ್ಮಂಥವರನ್ನ ಶುಭಾಶಯಕ್ಕೆ ಹಾಕೋದಾ? ಅಲ್ಲಿ 'ಮುದ್ದಾದ ಮಗು' ಅಂತ ಬರೆಯೋಕೆ ಯಾರಾದ್ರೂ ಸಾಕು, ಸುಳ್ಳೇ ಅಲ್ಲಿ ಕೆಲಸ. ಸತ್ತೋರ ಲೆಕ್ಕ ಸತ್ಯವಂತರ ಕೈಲೇ ಇರ್ಬೇಕು. ನಾನು ಹೋದಾಗಲೂ ನನ್ನ ಪುಟ ನೀವೇ ಮಾಡ್ಬೇಕು. ಅಲ್ಲೀ ತನಕ ನಿಮ್ಮನ್ನ ಆ ಕುರ್ಚಿಯಿಂದ ಕದಲಿಸೋ ಧೈರ್ಯ ಯಾರಿಗೂ ಇರಬಾರದು, ಬರೆದುಕೊಡ್ತೀನಿ."

"ಸಾರ್, ನನ್ನ ಮಗಳು..."

"ಶುಭಾಶಯಕ್ಕೆ ಆ ಪ್ರೂಫ್ ನೋಡೋರನ್ನ ಹಾಕ್ತೀನಿ. ಮೂವತ್ತೊಂದರಲ್ಲಿ ಹದಿನೇಳು ಹೂ ಅವರೊಬ್ಬರೇ ಇಟ್ಟಿದಾರೆ. ನಮ್ಮಮ್ಮ ಅವರನ್ನ ಎಷ್ಟು ಬೈದಿದ್ಲು, ಆದ್ರೂ ನೋಡಿ. ಒಳ್ಳೇ ಮನಸ್ಸು. ಅಂಥವರು ಸಂತೋಷದ ಕಡೆ ಇರ್ಬೇಕು."

ಒಳಕೋಣೆಯಿಂದ ಯಾರೋ ಮಾಲೀಕರನ್ನು ಕರೆದರು. ಅವರು ಅವನ ಬೆನ್ನು ತಟ್ಟಿ ಒಳಗೆ ಹೋದರು. ಕೊನೆಪುಟ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲ ಅರ್ಧಕ್ಕೆ ಬಂದು ನಿಂತ. ಅಲ್ಲೇ ಕೂತ. ಐದು ಗಂಟೆ ಹೊಡೆಯಿತು. ಹೊಡೆದು ಮುಗಿಯುವ ಮೊದಲೇ ಹೆಂಡತಿಯ ಫೋನ್ ಬಂತು.

"ರೀ, ಸಹಿ ಆಯ್ತಾ?"

"ಇಲ್ಲ ಕಣೆ. ಮಾಲೀಕರು ಬಿಡಲ್ಲ ಅಂದ್ರು. ಇನ್ನು ಯಾವತ್ತೂ ಬಿಡಲ್ಲವಂತೆ."



"ಏನು ತಪ್ಪು ಮಾಡಿದ್ರಿ?"

"ತಪ್ಪು ಮಾಡಿದ್ದಕ್ಕೆ ಏನೂ ಅನ್ನಲಿಲ್ಲ. ಸರಿ ಮಾಡಿದ್ದಕ್ಕೆ."

ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ತ್ರಾಣ ಅವನಲ್ಲೂ ಇರಲಿಲ್ಲ.

"ಅವಳು ಫೋನ್ ಹಿಡ್ಕೊಂಡು ಕೂತಿದಾಳೆ ರೀ," ಎಂದಳು ಹೆಂಡತಿ. "ನಿಮ್ಮ ನಂಬರ್ ಬರುತ್ತೆ ಅಂತ. ನಾನು ಮಾಡಿದ್ರೆ ಏನಂತ ಹೇಳ್ಲಿ?"

ಕೊನೆಪುಟ ಎದ್ದು ಒಂದು ಮೆಟ್ಟಿಲು ಇಳಿದ.

"ಮೊದಲು, ಯಾರೂ ಹೋಗಿಲ್ಲ ಅಂತ ಹೇಳು," ಎಂದ. "ಆಮೇಲೆ ಉಳಿದದ್ದು ಹೇಳು."